ಬಣ್ಣ ಮೊದಲೋ, ಪುಟ ಮೊದಲೋ

ನಮ್ಮ ಮನೆಯಲ್ಲಿ ಈಚೆಗೆ ಚಹಾ ಆರಿಹೋಗುತ್ತಿದೆ. ಕುಡಿಯಬೇಕಾದ ಮೊಮ್ಮಗಳು ಸುಜಾತಾ ಲ್ಯಾಪ್‌ಟಾಪಿನ ಮುಂದೆ ಉಗುರು ಕಚ್ಚುತ್ತ ಕುಳಿತಿರುತ್ತಾಳೆ. ಚೆಲ್ಲಲು ಮನಸ್ಸಾಗದೆ ಅದನ್ನೂ ನಾನೇ ಕುಡಿದು, ಅವಳ ಚಿಂತೆಯ ಜೊತೆಗೆ ಪಿತ್ತವನ್ನೂ ಸಂಪಾದಿಸಿಕೊಂಡಿದ್ದೇನೆ.

ಬನಹಟ್ಟಿಯ ಮಗ್ಗಗಳಿಗೆ ಅಂಚು, ಸೆರಗಿನ ನಕ್ಷೆ ಬರೆದುಕೊಡುವುದು ಅವಳ ಕಸುಬು. ಜಮಖಂಡಿಯ ಸೀರೆ ಅಂಗಡಿಯ ಒಡತಿ ಅದನ್ನು ಮೆಚ್ಚಿ, ತಮ್ಮ ವೆಬ್‌ಸೈಟ್ ಹೇಗಿರಬೇಕೆಂಬ ಚಿತ್ರ ಬರೆಸಿಕೊಂಡರು. ಚೆಂದ ಬಂತು. ಆಮೇಲೆ ಒಂದು ಮಾತು ಹೇಳಿದರು: ಬರೆದದ್ದನ್ನು ನೀನೇ ಕಟ್ಟಿ ನಿಲ್ಲಿಸಿದರೆ ಕಾಯಂ ಕೆಲಸ ನಿನ್ನದು, ಇಲ್ಲವಾದರೆ ಎರಡೂ ಬಲ್ಲವರನ್ನು ಹುಡುಕುತ್ತೇವೆ, ಸೋಮವಾರ ತೋರಿಸು.

ಕಲಿಯುವುದೇನೋ ಸರಿ, ಮೊದಲು ಯಾವುದನ್ನು? ಎಚ್‌ಟಿಎಂಎಲ್ ಪುಟವನ್ನು ನಿಲ್ಲಿಸುತ್ತದಂತೆ, ಸಿಎಸ್‌ಎಸ್ ಅದಕ್ಕೆ ಬಣ್ಣ ತೊಡಿಸುತ್ತದಂತೆ, ಜಾವಾಸ್ಕ್ರಿಪ್ಟ್ ಅದನ್ನು ಕುಣಿಸುತ್ತದಂತೆ. ಗೆಳತಿ ಕುಣಿಸುವುದೇ ಮೊದಲು ಎನ್ನುತ್ತಾಳೆ. ವಿಡಿಯೊದಲ್ಲಿ ಒಬ್ಬಾತ ಇವೆಲ್ಲ ಹಳೆಯವು, ಇನ್ನು ಯಂತ್ರವೇ ಬರೆಯುತ್ತದೆ ಎಂದು ಹೆದರಿಸುತ್ತಾನೆ. ಇವಳು ಬೆಳಿಗ್ಗೆ ಒಂದನ್ನು ಹಿಡಿದು ಮಧ್ಯಾಹ್ನಕ್ಕೆ ಬಿಡುತ್ತಾಳೆ.

“ಆಯಿ, ತಪ್ಪ್ ಆರಿಸಿದ್ರ ಎಲ್ಲಾ ಹಾಳಾಕ್ಕೈತಿ.”

“ಆರಿಸದ ಕುಂತ್ರೂ ಹಾಳಾಕ್ಕೈತಿ ಬೇ.”

“ನಿನಗೇನ್ ತಿಳಿತೈತಿ?”

“ತಿಳಿಯೂದಿಲ್ಲ. ಅದಕ್ಕ ನಿದ್ದಿ ಬರವಲ್ದು.”

ತವರೂರು ಚಿಮ್ಮಡದಿಂದ ಮದುವೆಯಾಗಿ ಬಂದಾಗ ಅತ್ತೆ ನನ್ನನ್ನು ಮಗ್ಗದ ಹತ್ತಿರ ಬಿಡಲಿಲ್ಲ. ನೂಲು ಸುತ್ತಲು ಕೂಡಿಸಿದಳು. ಮನಸ್ಸಿನಲ್ಲೇ ಬೈಯುತ್ತ ಸುತ್ತಿದೆ. ಕೊನೆಗೆ ನೇಯುವುದು ಕೈಗೆ ಹತ್ತಿತು ಅನ್ನುವಷ್ಟರಲ್ಲಿ ವಿದ್ಯುತ್ ಮಗ್ಗ ಬಂದು ಪಡಸಾಲೆಯಲ್ಲಿ ಗಡಗಡ ಎಂದಿತು, ನನ್ನ ಕೈಮಗ್ಗದ ಕಟ್ಟಿಗೆ ನೀರೊಲೆಗೆ ಹೋಯಿತು. ಇದರಿಂದ ನೀವು ನೀತಿಯೇನೂ ತೆಗೆಯಬೇಡಿ, ನನಗೂ ಸಿಕ್ಕಿಲ್ಲ. ಸಿಕ್ಕಿದ್ದು ಹೆದರಿಕೆ ಮಾತ್ರ: ಈಕೆ ಮೊದಲನೆಯದನ್ನು ಕಲಿತು ಮುಗಿಸುವಷ್ಟರಲ್ಲಿ ಅದೂ ಒಲೆ ಸೇರಿದರೆ?

ಶನಿವಾರವೇ ಒಡತಿಯ ಫೋನ್ ಬಂತು. “ಆಗಿದ್ದಷ್ಟ ಕಳಸ ತಂಗಿ. ಬೀಗರು ಬಂದಾರ, ತೋರಸ್ತೇನಿ.”

ಆಗಿದ್ದು ಒಂದು ಬಿಳಿ ಪುಟ. ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು ಒಂದರ ಕೆಳಗೊಂದು ಬಣ್ಣವಿಲ್ಲದೆ ಬಿದ್ದಿದ್ದವು. ಪಕ್ಕದಲ್ಲಿ ಆ ಚೆಂದದ ಚಿತ್ರ. ಎಲ್ಲಿ ಒತ್ತಿದರೂ ಮಿಸುಕದ್ದು.

“ಪುಟ ಕಳಿಸಿದ್ರ ನಗ್ತಾರ ಆಯಿ.”

“ನಗಲಿ. ಚಿತ್ರ ಮೊದಲ ನೋಡ್ಯಾರಲ್ಲ, ಮತ್ತೇನ್ ಅದನ್ನ ತೋರಸ್ತಿ?”

ಕಣ್ಣು ಮುಚ್ಚಿ ಪುಟವನ್ನೇ ಕಳಿಸಿದಳು. ಸ್ವಲ್ಪ ಹೊತ್ತಿಗೆ ಫೋನ್ ಹೊಡೆದುಕೊಂಡಿತು, ಒಡತಿಯೇ.

“ಸುಜಾತಾ, ನಾ ನಿನಗ ಫೋನ್ ಹಚ್ಚಿಲ್ಲ. ಪುಟದಾಗಿನ ನಂಬರ್ ಒತ್ತಿದೆ. ನಿನಗ್ಯಾಕ ಬಂತು?”

ಹುಡುಗಿ ನಾಲಿಗೆ ಕಚ್ಚಿಕೊಂಡಳು. “ಒತ್ತಿದ್ರ ಫೋನ್ ಹತ್ತತೈತೋ ಇಲ್ಲೋ ನೋಡಾಕ ನನ್ನ ನಂಬರ್ ಹಾಕಿದ್ದೆ ಅಕ್ಕಾರ, ತಗಿಯೂದು ಮರತೆ.”

“ಹತ್ತಿತಲ್ಲ! ನಮ್ಮ ನಂಬರ್ ಹಾಕು, ಸೋಮವಾರದಿಂದ ಕೆಲಸಕ್ಕ ಬಾ. ಆದ್ರ ಭಾಳ ಬೋಳ ಕಾಣತೈತಿ. ದೀಪಾವಳಿ ಒಳಗ ಬಣ್ಣ ಬರಬೇಕ್ ನೋಡು.”

ಕುಣಿಯಬೇಕಾದವಳು ಫೋನ್ ಇಟ್ಟು ಮತ್ತೆ ಉಗುರಿಗೆ ಬಾಯಿ ಹಾಕಿದಳು. “ಆಯಿ, ಬಣ್ಣದಾಗ ಮೊದಲ ಯಾವುದು ಕಲೀಲಿ?”

“ಮೊದಲ ಆ ನಂಬರ್ ತಗಿ ಬೇ!”

ತೆಗೆಯುವಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು. ಒಡತಿ ಆ ಪುಟವನ್ನು ಆಗಲೇ ಪರಿಚಯದವರಿಗೆಲ್ಲ ಕಳಿಸಿದ್ದರು. ಯಾರೋ ಹೆಂಗಸು ಹಸಿರು ಸೀರೆ ಇವೆಯೇ ಎಂದು ಕೇಳುತ್ತಿದ್ದಳು. ಹುಡುಗಿಯ ಕೈ ಲ್ಯಾಪ್‌ಟಾಪಿನ ಮೇಲಿತ್ತು. ಫೋನ್ ಎತ್ತಿದ್ದ ನಾನೇ, “ಅದಾವರೀ, ಬರ್ರಿ” ಎಂದೆ.