ಎರಡು ಮರ ಕೇಳಿದವಳಿಗೆ ಕಲ್ಲಿನ ಸೇತುವೆ

ಈ ಬೇಸಿಗೆಯಲ್ಲಿ ನಾವು ಆರು ಜನ ಸೇರಿ ಒಬ್ಬ ಹೆಂಗಸಿಗೆ ಉಪಕಾರ ಮಾಡಿದೆವು. ಅವಳು ಅದರಿಂದ ಪಾರಾದದ್ದೇ ದೊಡ್ಡದು.

ನಾನು ಈ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುತ್ತಿರುವುದು ನಿಮಗೆ ಗೊತ್ತೇ ಇದೆ. (ನಗುವವರು ಈಗಾಗಲೇ ನಕ್ಕು ಮುಗಿಸಿರಬೇಕು.) ತಲೆಯ ಮೇಲೆ ಪಾತ್ರೆ ಹೊತ್ತು ಸಂತೆ ಸಂತೆ ತಿರುಗಿದವನು ಸಾಗರದ ಪೇಟೆಯಲ್ಲಿ ಅಂಗಡಿ ಇಟ್ಟೆ. ಆದರೆ ಬೊಂಬಾಯಿಯಿಂದ ಒಂದು ಕಾಗದ ಬಂದರೆ ಓದಿಸಿಕೊಳ್ಳಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕು. ಎಷ್ಟು ದಿನ? ಅದಕ್ಕೇ ಪದ್ಮರಾಜಯ್ಯ ಮೇಷ್ಟ್ರ ಸಂಜೆ ಕ್ಲಾಸು ಸೇರಿದೆ. ಸಹಪಾಠಿಗಳು ಐದು ಜನ; ಅವರಲ್ಲಿ ಒಬ್ಬ ದರ್ಜಿ, ಒಬ್ಬ ಕಾಂಪೌಂಡರ್, ಮತ್ತೆ ಬಸ್ ಏಜೆಂಟ್ ಇಸ್ಮಾಯಿಲ್ ಸಾಹೇಬರು.

ಒಂದು ಸಂಜೆ ಪಾಠ ದಯೆಯ ಮೇಲಿತ್ತು. ಕಠಿಣ ಪದಗಳಿಗೆ ಅರ್ಥ ಬರೆದುಕೊಂಡು ಪುಸ್ತಕ ಮುಚ್ಚಿದೆವು.

"ಅರ್ಥ ಬರ್ಕೊಂಡ್ರೆ ದಯೆ ಬಂತೇನ್ರಯ್ಯಾ?" ಎಂದರು ಮೇಷ್ಟ್ರು. "ಊರಿನೋರಿಗೆ ಏನಾದ್ರೂ ಒಂದು ಉಪಕಾರ ಮಾಡಿ. ಮಾಡಿದ್ದನ್ನ ಇಂಗ್ಲಿಷಲ್ಲಿ ಐದು ವಾಕ್ಯ ಬರೆದು ತನ್ನಿ."

"ವಾಕ್ಯ ಮೊದ್ಲು ಬರ್ದು, ಉಪಕಾರ ಆಮೇಲೆ ಮಾಡಿದ್ರೆ ನಡೀತದಾ ಸಾರ್?" ಎಂದರು ಇಸ್ಮಾಯಿಲ್ ಸಾಹೇಬರು.

ಉಪಕಾರಕ್ಕೂ ಗಿರಾಕಿ ಬೇಕಲ್ಲ? ನಾನೇ ಹುಡುಕಿದೆ. ಚೌಡಮ್ಮ. ಹೊಸನಗರದ ಕಡೆಯವಳು, ಸಾಗರದ ಸಂತೆಗೆ ಚಾಪೆ ತರುತ್ತಾಳೆ. ನನ್ನ ಅಂಗಡಿಯಲ್ಲಿ ಚೌಕಾಸಿ ಮಾಡಿ ನನ್ನನ್ನೇ ಸೋಲಿಸಿದವಳು ಅವಳೊಬ್ಬಳೇ. (ಆ ಕಾರಣಕ್ಕೆ ನನಗೆ ಅವಳ ಮೇಲೆ ಗೌರವ.) ಅವಳ ಮನೆ ಹತ್ತಿರದ ಹಳ್ಳಕ್ಕೆ ಒಂದು ಸಂಕವಿತ್ತು, ಎರಡು ದಿಮ್ಮಿ ಹಾಸಿದ ಕಾಲುದಾರಿ. ಹೋದ ಮಳೆಗಾಲದಲ್ಲಿ ಅದು ಕೊಚ್ಚಿಹೋಯಿತು. ಈಗ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಸೂಲಗಿತ್ತಿಯ ಮನೆ ಆಚೆ ದಡದಲ್ಲಿ. ಹೊಸ ಸಂಕಕ್ಕೆ ಎರಡು ಮರ ಬೇಕು. ಮರಕ್ಕೆ ರೇಂಜರ ಅಪ್ಪಣೆ ಬೇಕು.

"ಮಿರಗನ ಮಳೆ ಹಿಡೀತು ಅಂದ್ರೆ ಆಚಿಂದ ಒಂದು ನಾಯಿನೂ ಈಚೆ ದಾಟಲ್ಲ ಸಾವ್ಕಾರ್ರೆ" ಎಂದಳು.

ಅವಳನ್ನು ಕ್ಲಾಸಿನ ಬೆಂಚಿನ ಮೇಲೆ ಕೂರಿಸಿ ಅರ್ಜಿ ಬರೆಯಲು ಕುಳಿತೆವು. ನನ್ನ ಅನುಭವ ಅಲ್ಲಿ ಬಾಯಿ ಹಾಕಿತು. ಎರಡು ಕೇಳಿದರೆ ಒಂದು ಕೊಡುವುದು ಲೋಕರೂಢಿ. ಒಂದೇ ಮರದ ಮೇಲೆ ಮಳೆಯಲ್ಲಿ ಸೂಲಗಿತ್ತಿ ದಾಟುತ್ತಾಳೆಯೇ? ಅದಕ್ಕೇ ಕಲ್ಲಿನ ಸೇತುವೆ ಕೇಳೋಣ ಎಂದೆ. ಸರ್ಕಾರ ಇಳಿದು ಇಳಿದು ಎರಡು ಮರಕ್ಕೆ ಬಂದು ನಿಲ್ಲುತ್ತದೆ. ಎಲ್ಲರೂ ತಲೆದೂಗಿದರು.

"ನಂಗೆ ಕಲ್ಲು ಎಂತಕ್ಕೆ? ಅಲ್ಲೇ ಕಾಡಲ್ಲಿ..." ಎಂದು ಚೌಡಮ್ಮ ಏನೋ ಹೇಳಹೊರಟಳು.

"ನೀನು ಸುಮ್ನಿರು ಚೌಡಕ್ಕ, ಇದು ಕಚೇರಿ ವ್ಯವಹಾರ" ಎಂದೆ.

ಮೂರು ಸಂಜೆ ಹಿಡಿಯಿತು. ವಿನಯದ ಮಾತುಗಳೇ ಅರ್ಧ ಪುಟ. ಮೇಷ್ಟ್ರು ಸ್ಪೆಲ್ಲಿಂಗ್ ತಿದ್ದಿ, "ಆಕೆ ಕೇಳಿದ್ದು ಇದನ್ನೇ ತಾನೆ?" ಎಂದು ವಿಚಾರಿಸಿದರು. ಹೌದೆಂದೆ. ಚೌಡಮ್ಮ ಹೆಬ್ಬೆಟ್ಟು ಒತ್ತಿದಳು. ಅರ್ಜಿ ರೇಂಜರ ಹೆಸರಿಗೆ ಹೋಯಿತು. ನಾವು ಐದೈದು ವಾಕ್ಯ ಬರೆದು ಶಹಭಾಸ್ ಪಡೆದೆವು.

ಮೂರು ವಾರ ಕಳೆಯಿತು. ಪಡುವಣದಲ್ಲಿ ಮೋಡ ಕಟ್ಟಿದ ದಿನ ಚೌಡಮ್ಮ ಚಾಪೆಯಿಲ್ಲದೆ ಬರಿಗೈಯಲ್ಲಿ ಅಂಗಡಿಗೆ ಬಂದಳು.

"ಎಲ್ಲಿ ಸಾವ್ಕಾರ್ರೆ, ನನ್ನ ಮರ? ಹುಡುಗಿಗೆ ದಿನ ತುಂಬ್ತಾ ಬಂತು."

ಇಸ್ಮಾಯಿಲ್ ಸಾಹೇಬರು ರೇಂಜರ ಕಚೇರಿ ಕಡೆ ಹೊರಟಿದ್ದ ಬಸ್ಸನ್ನು ನಿಲ್ಲಿಸಿ ನಮ್ಮಿಬ್ಬರನ್ನು ಹತ್ತಿಸಿದರು. ರೇಂಜರು ಸಂಭಾವಿತರು. ಅರ್ಜಿ ನೆನಪಿತ್ತು.

"ಸೇತುವೆ ಕಟ್ಟೋದು ನನ್ನ ಕೆಲಸ ಅಲ್ವಲ್ಲ. ಸಂಬಂಧಪಟ್ಟ ಕಚೇರಿಗೆ ಅವತ್ತೇ ಕಳಿಸ್ದೆ. ಇಂಗ್ಲಿಷು ಮಾತ್ರ ಚೆನ್ನಾಗಿತ್ತು. ಯಾರು ಬರೆದಿದ್ದು?"

ನಾನು ಮಾಡಿನ ಹಂಚು ಎಣಿಸುತ್ತಿದ್ದೆ. ಅರ್ಜಿಯಲ್ಲಿ ಮರದ ಮಾತೇ ಇರಲಿಲ್ಲ. ಚೌಕಾಸಿಯಲ್ಲಿ ಇಳಿಯಬೇಕಾದರೆ ಎದುರಿಗೆ ಒಬ್ಬ ಮನುಷ್ಯ ಕುಳಿತಿರಬೇಕು; ಕಾಗದಕ್ಕೆ ಇಳಿಯಲು ಬರುವುದಿಲ್ಲ. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹತ್ತುತ್ತಲೇ ಹೋಗುತ್ತದೆ. ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ಇದು ಹೊಳೆಯಬೇಡವೇ?

ರೇಂಜರು ಅವಳ ಕಡೆ ತಿರುಗಿದರು. "ಯಾವ ಮರ ನೋಡಿದ್ದೀಯಮ್ಮ?"

ನಾವು ಆರು ಜನ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

"ಹಳ್ಳದ ಮೇಲ್ಗಡೆ ಗಾಳಿಗೆ ಎಲ್ಡು ಮರ ಬಿದ್ದಾವೆ ಬುದ್ಧಿ. ಕಡಿಯೋದು ಬ್ಯಾಡ. ಎಳ್ಕಂಡ್ ಹೋಗಾಕೆ ಬಿಟ್ರೆ ಸಾಕು."

ಅವರ ಮುಂದಿದ್ದ ಕಾಫಿ ಆರುವ ಮೊದಲೇ ಅಪ್ಪಣೆ ಸಿಕ್ಕಿತು. ಕನ್ನಡದಲ್ಲಿ, ಎರಡೇ ಸಾಲು.

ಹೊರಗೆ ಬಂದ ಮೇಲೆ ಚೌಡಮ್ಮ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, "ಬಿಂದಿಗೆ ಬೇಕಾದಾಗ ನಾನು ನಿಮ್ಮಂಗಡೀಲಿ ಹಂಡೆ ಕೇಳ್ತೀನಾ ಸಾವ್ಕಾರ್ರೆ?" ಎಂದಳು. ಚೌಕಾಸಿಯಲ್ಲಿ ಅವಳು ನನ್ನನ್ನು ಯಾಕೆ ಸೋಲಿಸುತ್ತಾಳೆಂದು ಆಗ ತಿಳಿಯಿತು.

ಭಾನುವಾರ ಕ್ಲಾಸಿಗೆ ಕ್ಲಾಸೇ ಹೋಗಿ ಅವಳ ನೆರೆಯವರ ಜೊತೆ ದಿಮ್ಮಿ ಎಳೆಯಿತು. ನಾನು ಎಳೆದದ್ದಕ್ಕಿಂತ ಸಲಹೆ ಕೊಟ್ಟದ್ದೇ ಹೆಚ್ಚು ಎಂದು ಇಸ್ಮಾಯಿಲ್ ಸಾಹೇಬರ ದೂರು. ಇರಲಿ. ಪುಕ್ಕಟೆ ಸಲಹೆ ನಿಮಗೂ ಒಂದಿದೆ: ಉಪಕಾರ ಮಾಡುವ ಮುನ್ನ ಬಾಯಿ ಮುಚ್ಚಿ ಎದುರಿನವರ ಮಾತು ಕೊನೆವರೆಗೆ ಕೇಳಿ. ಖರ್ಚಿಲ್ಲದ ಕೆಲಸ, ಆದರೆ ನಮ್ಮಂಥವರಿಗೆ ಬಹಳ ತುಟ್ಟಿ.

ಮೊನ್ನೆ ಸುರಿಯುವ ಮಳೆಯಲ್ಲಿ ಸೂಲಗಿತ್ತಿ ಸಂಕ ದಾಟಿದಳು. ಹೆಣ್ಣು ಮಗು. ತಾಯಿ, ಮಗು ಕ್ಷೇಮ.

ಅದೇ ವಾರ ನಮ್ಮ ಕಲ್ಲಿನ ಸೇತುವೆಗೂ ಇಂಗ್ಲಿಷಿನಲ್ಲಿ ಉತ್ತರ ಬಂತು: ಅರ್ಜಿ ಮೇಲಿನವರ ಪರಿಶೀಲನೆಯಲ್ಲಿದೆಯಂತೆ. ಯಾರ ಬಾಗಿಲಿಗೂ ಹೋಗದೆ ನಾನೇ ಓದಿಕೊಂಡೆ. ಮುಂದಿನ ಉತ್ತರವನ್ನು ಆ ಮಗುವೇ ಓದೀತು, ಏನಂತೀರಿ?