ತಂಗಿಯ ಪ್ರಶ್ನೆಗಳಿಗೆ ನನ್ನ ಉತ್ತರ

ನನ್ನ ತಂಗಿಯ ಲಗ್ನವನ್ನು ಕೂಡಿಸಿದ್ದು ಮೊಬೈಲಿನ ಇಪ್ಪತ್ತು ಪ್ರಶ್ನೆಗಳು. ಕೇಳಿದ್ದು ಅವಳ ಸ್ವಭಾವದ ಬಗ್ಗೆ, ಉತ್ತರ ತುಂಬಿದವಳು ನಾನು. ನಮ್ಮ ಮನೆಯಲ್ಲಿ ಯಾರೂ ಇದನ್ನು ದೊಡ್ಡ ಮಾತು ಎಂದುಕೊಂಡಿಲ್ಲ. ನಾನೊಬ್ಬಳೇ ಐದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡುತ್ತಿದ್ದೇನೆ.

ಆ ಆಟ ನಿಮಗೂ ಗೊತ್ತಿದ್ದೀತು. ಲಿಂಕ್ ಒತ್ತಿದರೆ ಒಂದಾದ ಮೇಲೊಂದು ಪ್ರಶ್ನೆ ಬರುತ್ತದೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಕೊನೆಗೆ ನಿಮ್ಮ ಮನಸ್ಸು ಇಂಥ ಕಥೆಯ ಇಂಥ ಪಾತ್ರವನ್ನು ಹೋಲುತ್ತದೆ ಎಂದು ಫೋಟೋ ಸಮೇತ ತೋರಿಸುತ್ತದೆ. ಆ ವರ್ಷ ನಮ್ಮ ಕಡೆ ಓಡಾಡುತ್ತಿದ್ದದ್ದು ಸಂಜೆಯ ಒಂದು ಧಾರಾವಾಹಿಯ ಆಟ. ಅದರಲ್ಲಿ ಒಂದೇ ಮನೆಯ ನಾಲ್ವರು ಹೆಂಗಸರು: ಎಲ್ಲವನ್ನೂ ನುಂಗಿಕೊಳ್ಳುವ ಹಿರಿಯ ಸೊಸೆ, ಎದುರು ಮಾತಾಡುವ ಕಿರಿಯ ಸೊಸೆ, ಗತ್ತಿನ ಅತ್ತೆ, ಚಾಡಿ ಹೇಳುವ ನಾದಿನಿ. ಫಲಿತಾಂಶದ ಕೆಳಗೆ ತಾಳ್ಮೆ, ಹಟ, ಪ್ರೀತಿ, ಕಪಟ ಎಂದು ಬಣ್ಣದ ಪಟ್ಟಿಗಳು. ಯಾವ ಗುಣ ಎಷ್ಟು ತುಂಬಿದೆ ಎಂದು ಅಳೆದು ಕೊಡುತ್ತಿದ್ದವು. ರಾಯಬಾಗದಿಂದ ಕಾಗವಾಡದ ತನಕ ನಮ್ಮ ನೆಂಟರ ಹೆಂಗಸರೆಲ್ಲ ಮರಾಠಿ ಧಾರಾವಾಹಿ ಮುಗಿದ ಕೂಡಲೇ ಕನ್ನಡದ್ದಕ್ಕೆ ಚಾನೆಲ್ ತಿರುಗಿಸುವವರು. ಅವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹಿರಿಯ ಸೊಸೆಯರೇ ಆಗಿಬಿಟ್ಟಿದ್ದರು. ಇಡೀ ಓಣಿ ಹೆದರುವ ನಮ್ಮ ಸೋದರತ್ತೆಯ ತಾಳ್ಮೆಯ ಪಟ್ಟಿಯೂ ತುಂಬಿ ತುಳುಕುತ್ತಿತ್ತು. ಸುಳ್ಳು ಹೇಳಿದರೆ ಹಿಡಿಯುವವರು ಯಾರು?

ನಮ್ಮದು ರಾಯಬಾಗ ತಾಲೂಕಿನ ಅಲಖನೂರ ಕಡೆಯ ಮನೆ. ಸ್ವಲ್ಪ ಕಬ್ಬು, ನಾಲ್ಕು ಎಮ್ಮೆ. ನಾನು ಹಿರಿಯಳು, ರಾಯಬಾಗದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನನ್ನನ್ನು ನೋಡಲು ಬಂದವರೆಲ್ಲ ಚಹಾ ಕುಡಿದು ಹೋದರು, ಹೊಳ್ಳಿ ಬರಲಿಲ್ಲ. ನಮ್ಮವ್ವ ಹೇಳುವಂತೆ ಅದಕ್ಕೆ ಕಾರಣ ನನ್ನ ನಾಲಿಗೆ. ನಮ್ಮ ಕಡೆ ಕನ್ಯಾ ನೋಡಲು ಬಂದಾಗ ಪ್ರಶ್ನೆಯನ್ನು ಹುಡುಗಿಗೆ ಕೇಳುತ್ತಾರೆ, ಉತ್ತರವನ್ನು ಅವಳ ಪಕ್ಕ ಕುಳಿತ ಹಿರಿಯ ಹೆಂಗಸು ಕೊಡುತ್ತಾಳೆ. ‘ಅಡಿಗಿ ಬರ್ತೈತೇನವಾ?’ ಎಂದು ಕೇಳಿದರೆ ‘ಎಲ್ಲಾ ಮಾಡ್ತಾಳ್ರಿ’ ಎನ್ನುವುದು ಅತ್ತೆಯೋ ಚಿಕ್ಕವ್ವನೋ. ಹುಡುಗಿ ತಲೆ ಬಗ್ಗಿಸಿದರೆ ಸಾಕು. ನಾನು ಪಕ್ಕದವರು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದೆ. ನೌಕರಿ ಬಿಡುತ್ತೀಯಾ ಎಂದರು, ಇಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಮುಂದೆ ಯಾರೂ ಬರದಾದಾಗ ಅವ್ವ ನನ್ನನ್ನು ಬಿಟ್ಟು ತಂಗಿಗೆ ಗಂಡು ನೋಡಲು ಶುರು ಮಾಡಿದಳು.

ತಂಗಿಯ ನಾಲಿಗೆ ನನ್ನದಕ್ಕಿಂತ ಚುರುಕು, ಆದರೆ ನನ್ನ ಹಾಗೆ ಕಹಿಯಲ್ಲ. ಡೇರಿಗೆ ಹಾಲು ಒಯ್ಯುವವಳು ಅವಳೇ. ಫ್ಯಾಟ್ ಕಡಿಮೆ ಬಂತು ಎಂದರೆ ಕ್ಯಾನನ್ನು ಅಲ್ಲೇ ಇಟ್ಟು, ‘ಮಶೀನ್ ಒಮ್ಮೆ ಒರಸ್ರಿ ಕಾಕಾ, ನಮ್ಮ ಎಮ್ಮಿ ನೀರ ಹಿಂಡಂಗಿಲ್ಲ’ ಎಂದು ಹಿಂದೆ ಸಾಲು ನಿಂತವರನ್ನೆಲ್ಲ ನಗಿಸುವಳು. ಡೇರಿಯವನೂ ನಕ್ಕು ಮತ್ತೊಮ್ಮೆ ಅಳೆಯುತ್ತಿದ್ದ. ಅವಳ ಕೈಲಿ ಬೈಸಿಕೊಂಡವರಿಗೆ ಸಿಟ್ಟು ಬರುತ್ತಿರಲಿಲ್ಲ. ನನಗೂ ದಿನಕ್ಕೆರಡು ಸಲ ಬೀಳುತ್ತಿತ್ತು.

ಹಾಗಿರುವಾಗ ಅಥಣಿ ತಾಲೂಕಿನ ಅನಂತಪುರದ ಕಡೆಯಿಂದ ಒಂದು ಸಂಬಂಧ ಬಂತು. ದ್ರಾಕ್ಷಿ ತೋಟದವರು. ಹುಡುಗ ಕೃಷಿ ಓದಿದವನು, ಮಾತು ಮೆತ್ತಗೆ. ನೋಡಲು ಬಂದ ದಿನ ತಂಗಿಯ ಪಕ್ಕ ನಮ್ಮ ಸೋದರತ್ತೆ ಕೂತು ಎಲ್ಲದಕ್ಕೂ ಉತ್ತರ ಕೊಟ್ಟಿದ್ದರಿಂದ ಸುಸೂತ್ರವಾಯಿತು. ನಾಲ್ಕು ದಿನದ ಮೇಲೆ ಹುಡುಗನ ಅಕ್ಕ ನನ್ನ ತಂಗಿಯ ಮೊಬೈಲಿಗೆ ಆ ಲಿಂಕ್ ಕಳಿಸಿದಳು. ‘ಸುಮ್ಮ ಮಜಾಕ್ಕ. ನಮ್ಮವ್ವ ನೋಡ್ತೀನಿ ಅನ್ನಾಕತ್ತಾಳ’ ಎಂದು ಬರೆದಿದ್ದಳು. ಬೀಗರ ಕಡೆಯವರು ಮಜಾ ಎಂದರೆ ಅದು ಮಜಾ ಅಲ್ಲ ಎಂದು ನಮಗೆಲ್ಲ ಗೊತ್ತು.

ತಂಗಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ತಾನೇ ತುಂಬಿದಳು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ಎಲ್ಲರೆದುರು ಬೈದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ, ‘ಮರುದಿನ ಉಪ್ಪೇ ಹಾಕುವುದಿಲ್ಲ’ ಎಂಬುದನ್ನು ಒತ್ತಿ ಒಬ್ಬಳೇ ನಕ್ಕಳು. ಕೊನೆಗೆ ಬಂದದ್ದು ಕಿರಿಯ ಸೊಸೆ. ಹಟದ ಪಟ್ಟಿ ತುದಿ ಮುಟ್ಟಿತ್ತು. ಅವಳಿಗೆ ಖುಷಿಯೋ ಖುಷಿ.

‘ನೋಡಬೇ ಯಕ್ಕಾ, ನನ್ನ ಬರೋಬರಿ ಹಿಡದೈತಿ ಇದು. ಹಡದಾಕಿಗೂ ಇಷ್ಟ ಗೊತ್ತಿಲ್ಲ.’

ಹಡೆದವಳು ಬಾಗಿಲಲ್ಲೇ ನಿಂತಿದ್ದಳು. ‘ಇದನ್ನ ಕಳಿಸಿದ್ರ ಮುಗೀತು’ ಎಂದು ನನ್ನ ಕಡೆ ತಿರುಗಿದಳು. ‘ನಿನ್ನ ಬಾಯಿಂದ ನಿಂದಂತೂ ಆಗ್ಲಿಲ್ಲ. ಇಕೀ ಲಗ್ನರೆ ಆಗ್ಲಿ. ಪರೀಕ್ಷಾ ಬರದ ಬರದ ತಲಿ ಸವಿಸಿದಾಕಿ ಅದಿ, ನೀನಽ ತುಂಬಿಕೊಡು.’

ಆ ಮಾತು ಚುಚ್ಚಿತು. ಆದರೆ ಒಳಗೆ ಎಲ್ಲೋ ಜಂಬವೂ ಬಂತು, ಸುಳ್ಳು ಯಾಕೆ ಹೇಳಲಿ. ಸರ್ಕಾರಿ ನೌಕರಿಗೆಂದು ವರ್ಷಗಟ್ಟಲೆ ನಾಲ್ಕು ಉತ್ತರದ ಪರೀಕ್ಷೆಗಳನ್ನು ಬರೆದವಳು ನಾನು. ನೌಕರಿ ಸಿಗಲಿಲ್ಲ, ಪ್ರಶ್ನೆ ತೆಗೆದವನ ಮನಸ್ಸಿನಲ್ಲಿ ಏನಿದೆ ಎಂದು ವಾಸನೆ ಹಿಡಿಯುವುದು ಮಾತ್ರ ಬಂತು. ಮೊದಲ ಪುಟದಲ್ಲೇ ‘ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಎಂಬುದಿಲ್ಲ’ ಎಂದು ಬರೆದಿತ್ತು. ಓದಿ ನಕ್ಕುಬಿಟ್ಟೆ. ನಾಲ್ಕು ಕೊಟ್ಟ ಮೇಲೆ ಒಂದು ಸರಿ ಇರಲೇಬೇಕು ಎಂದು ನಂಬಿದ ತಲೆ ನನ್ನದು.

ಸರಿ ಉತ್ತರಗಳನ್ನೇ ಹುಡುಕಿ ಹುಡುಕಿ ಒತ್ತಿದೆ. ಉಪ್ಪಿನ ಪ್ರಶ್ನೆಗೆ ‘ನಕ್ಕು ಸುಮ್ಮನಾಗುತ್ತೇನೆ’. ಒಬ್ಬರೇ ಇದ್ದಾಗ ಏನು ಇಷ್ಟ ಎಂಬುದಕ್ಕೆ ‘ಮನೆಯವರಿಗಾಗಿ ಹೊಸ ಅಡುಗೆ ಕಲಿಯುವುದು’. ಸಿಟ್ಟು ಬಂದಾಗ ಏನು ಮಾಡುತ್ತೀರಿ ಎಂಬುದಕ್ಕೆ ‘ನನಗೆ ಸಿಟ್ಟು ಬರುವುದಿಲ್ಲ’. ಮೊದಲ ಸಲ ಹಿರಿಯ ಸೊಸೆ ಬಂದಳು, ಆದರೆ ತಾಳ್ಮೆಯ ಪಟ್ಟಿ ಸ್ವಲ್ಪ ಕಡಿಮೆಯಿತ್ತು. ನನಗೆ ಸಮಾಧಾನವಾಗಲಿಲ್ಲ. ಎರಡು ಉತ್ತರ ಬದಲಿಸಿ ಮತ್ತೆ ತುಂಬಿದೆ. ಪಟ್ಟಿ ತುಂಬಿತು. ತಂಗಿ ನನ್ನ ಭುಜದ ಮೇಲಿಂದ ನೋಡುತ್ತಿದ್ದಳು.

‘ಇದು ನಾನಲ್ಲಲಾ ಯಕ್ಕಾ’ ಎಂದಳು.

‘ಗೊತ್ತೈತಿ. ಸುಮ್ಮ ಕುಂಡ್ರು.’

‘ನಂದಽ ಕಳಸು. ಅದನ್ನ ನೋಡಿ ಬಾ ಅಂದ್ರ ಹೊಕ್ಕೀನಿ. ಬ್ಯಾಡಂದ್ರ ಇಲ್ಲೇ ಎಮ್ಮಿ ಕಾಯ್ಕೋತ ಇರ್ತೀನಿ. ಅಲ್ಲಿ ಹೋಗಿ ದಿನಾ ಇಕಿ ಆಗಿ ಇರಾಕ ನನ್ನ ಕಡಿಂದ ಆಗಂಗಿಲ್ಲ.’

ಅವಳು ಕೇಳಿದ್ದು ಅಷ್ಟೇ. ತನ್ನನ್ನು ತಾನಿದ್ದ ಹಾಗೆ ತೋರಿಸಬೇಕು, ಒಪ್ಪಿದರೆ ಒಪ್ಪಲಿ, ಬಿಟ್ಟರೆ ಬಿಡಲಿ. ನಾನು ಮಾಡಿದ್ದೂ ಅದೇ ಅಲ್ಲವೇ, ನನ್ನನ್ನು ನೋಡಲು ಬಂದವರ ಎದುರು? ಅದರ ಫಲ ಏನೆಂದು ನೋಡಿದ್ದೆ. ಅವಳಿಗೂ ಅದೇ ಆಗಬಾರದೆಂಬ ಹೆದರಿಕೆಯಿತ್ತು. ಅದರ ಜೊತೆಗೆ ಇನ್ನೊಂದೂ ಇತ್ತು, ಇಷ್ಟು ವರ್ಷಕ್ಕೆ ಬಾಯಿಬಿಟ್ಟು ಹೇಳುತ್ತೇನೆ: ನನಗೆ ದಕ್ಕದ ಹಟ ಅವಳಿಗೆ ದಕ್ಕಿ, ಅವಳನ್ನು ಇದ್ದ ಹಾಗೆಯೇ ಒಪ್ಪಿಬಿಟ್ಟರೆ ಎಂಬ ಹೊಟ್ಟೆಕಿಚ್ಚು. ‘ಲಗ್ನ ಆದಮ್ಯಾಲ ಇದನ್ನ ಯಾರ್ ನೆನಪಿಡ್ತಾರ’ ಎಂದೆ. ಅವಳ ಮೊಬೈಲಿನಿಂದಲೇ ಕಳಿಸಿದೆ.

ಅವರು ನೆನಪಿಟ್ಟರು. ಬೀಗಿತಿಗೆ ಎಷ್ಟು ಪಸಂದ ಆಯಿತೆಂದರೆ ಅಕ್ಷತೆ ಹಾಕಲು ಬಂದವರಿಗೆಲ್ಲ ಮೊಬೈಲ್ ಹಿಡಿದು ತೋರಿಸಿದಳು. ‘ನಮ್ಮ ಸೊಸಿ ಥೇಟ್ ಹಿರಿ ಸೊಸಿ ಗತೆ ಅದಾಳ’ ಎಂದು ಹೆಮ್ಮೆಪಟ್ಟಳು. ಕೆಟ್ಟ ಹೆಂಗಸಲ್ಲ. ತನಗೆ ತೋರಿಸಿದ್ದನ್ನು ನಂಬಿದಳು, ನಂಬಿದ್ದನ್ನೇ ಕೇಳಿದಳು. ಹೊಸದರಲ್ಲಿ ತಂಗಿ ಬಾಯಿ ತೆರೆದಾಗಲೆಲ್ಲ ಬೈಯುತ್ತಿರಲಿಲ್ಲವಂತೆ, ನೊಂದುಕೊಳ್ಳುತ್ತಿದ್ದಳಂತೆ. ‘ನೀ ಹಂತಾಕಿ ಅಲ್ಲ ಅಂತ ತಿಳಕೊಂಡಿದ್ದೆವಾ’ ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದಳಂತೆ. ಬೈದರೆ ತಿರುಗಿ ಹೇಳಬಹುದಿತ್ತು. ಅಳುವ ಅತ್ತೆಗೆ ಏನು ಹೇಳುವುದು?

ಮೊದಲ ವರ್ಷ ತಂಗಿ ಫೋನ್ ಮಾಡಿದಾಗಲೆಲ್ಲ ಜಗಳ. ಒಂದು ದಿನ ಶಾಲೆಯ ಊಟದ ಬಿಡುವಿನಲ್ಲಿ ಫೋನ್ ಬಂತು. ನಾನು ಎಂದಿನಂತೆ ಸ್ವಲ್ಪ ತಡೆದುಕೋ ಎಂದೆ. ಅವಳು ಸಿಡಿದಳು.

‘ತಡಕೊಳ್ಳಾಕಿ ನಾನಲ್ಲ, ನೀ ಬರದ ಕಳಿಸಿದಾಕಿ. ಅಕಿನ್ನಽ ಕರಕೊಂಡ್ ಬಾ ಇಲ್ಲಿಗೆ. ಇಲ್ಲಾ ನೀನಽ ಬಂದು ಸಂಸಾರ ಮಾಡು. ಉತ್ತರಾ ಎಲ್ಲಾ ನಿನಗಽ ಗೊತ್ತದಾವಲಾ.’

ಪಕ್ಕದಲ್ಲಿ ಬೇರೆ ಟೀಚರುಗಳು ಇದ್ದರು. ಗಂಟೆ ಹೊಡೆಯಿತು ಎಂದು ಸುಳ್ಳು ಹೇಳಿ ಫೋನ್ ಇಟ್ಟೆ. ಆಮೇಲೆ ಅವಳಾಗಿ ಫೋನ್ ಮಾಡುವುದು ಕಡಿಮೆಯಾಯಿತು. ನಾನು ಮಾಡಿದರೆ ಎಲ್ಲರೂ ಆರಾಮ ಇದ್ದಾರೆ, ನೀವು ಆರಾಮ ಇದ್ದೀರಾ ಎಂದು ಕೇಳಿ ಮುಗಿಸುತ್ತಿದ್ದಳು. ಹೊಂದಿಕೊಂಡಳು ಎಂದು ಅವ್ವ ದೇವರಿಗೆ ಕಾಯಿ ಒಡೆಸಿದಳು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಹೊಳೆ ದಾಟಿ ಅವಳ ಮನೆಗೆ ಹೋದೆ. ಒಣದ್ರಾಕ್ಷಿಯ ಹಂಗಾಮು. ಶೆಡ್ಡಿನಲ್ಲಿ ಕೂಲಿ ಹೆಂಗಸರ ಜೊತೆ ಕೂತು ತಂಗಿ ಒಣಗಿದ ದ್ರಾಕ್ಷಿಯಿಂದ ಕಡ್ಡಿ ಆರಿಸುತ್ತಿದ್ದಳು. ಬೀಗಿತಿ ಬಂದು ಪಕ್ಕದ ಹೆಂಗಸಿನ ಬುಟ್ಟಿಯನ್ನು ತಂಗಿಯದೆಂದು ತಿಳಿದು, ‘ಎಷ್ಟ ಕಡ್ಡಿ ಬಿಟ್ಟೀಯವಾ, ಲಕ್ಷ್ಯ ಎಲ್ಲೈತಿ?’ ಎಂದಳು. ಅದು ಅವಳ ಬುಟ್ಟಿಯಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಂಗಿ ನಕ್ಕಳು. ನಕ್ಕು, ಆ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಮೊದಲಿನಿಂದ ಆರಿಸತೊಡಗಿದಳು. ಅಂದು ಮೊಬೈಲಿನಲ್ಲಿ ಆ ನಗುವನ್ನು ಒತ್ತಿದವಳು ನಾನೇ.

ಹೊರಟಾಗ ಅವಳ ಗಂಡ ನನ್ನನ್ನು ಬೈಕಿನಲ್ಲಿ ಅಥಣಿ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ. ಒಳ್ಳೆಯ ಹುಡುಗ, ಕುಡಿತವಿಲ್ಲ, ಹೊಡೆತವಿಲ್ಲ, ಬಸ್ಸು ಬರುವ ತನಕ ನಿಂತಿದ್ದ. ತಡೆಯಲಾಗಲಿಲ್ಲ. ಆ ಫಲಿತಾಂಶ ಅವಳದಲ್ಲ, ಎಲ್ಲ ನಾನು ತುಂಬಿದ್ದು, ಅವಳದು ಬೇರೆಯೇ ಬಂದಿತ್ತು ಎಂದು ಹೇಳಿಬಿಟ್ಟೆ. ಅವನು ಸಿಟ್ಟಾದರೆ ಆಗಲಿ, ಅವಳನ್ನು ಹೊಸದಾಗಿ ನೋಡಲಿ ಎಂದು ಆಸೆಪಟ್ಟೆ.

ಅವನು ನಕ್ಕ. ‘ಇದೇನ್ ದೊಡ್ಡ ಮಾತ್ರಿ ಅಕ್ಕಾರ. ಮೊದಲ ವರ್ಷನಽ ನಮಗ ಸಂಶೇ ಬಂದಿತ್ರಿ, ಏನರೆ ಫರಕ್ ಐತಿ ಅಂತ. ಅವಾಗ ಅದು ಸುಳ್ಳಿತ್ತು, ಈಗ ಖರೆ ಆಗೈತಿ. ಬಾಳ ಚಲೋ ಹೊಂದಕೊಂಡಾಳ್ರಿ.’

ಅವನ ಮುಖದಲ್ಲಿ ಕಪಟವಿರಲಿಲ್ಲ. ನನಗೆ ಸಮಾಧಾನವಾಗಲೆಂದೇ ಹೇಳಿದ್ದ. ರಾಯಬಾಗ ಬರುವ ತನಕ ಕಿಟಕಿಗೆ ತಲೆ ಹಚ್ಚಿ ಅಳುತ್ತಾ ಬಂದೆ. ಪಕ್ಕದಲ್ಲಿ ಕೂತ ಮುದುಕಿ ಮರಾಠಿಯಲ್ಲಿ ಯಾರು ತೀರಿಕೊಂಡರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ಈ ವರ್ಷ ನಾಗರ ಪಂಚಮಿಗೆ ತಂಗಿ ತವರಿಗೆ ಬಂದಳು. ನಮ್ಮ ಕಡೆ ಹೆಣ್ಣುಮಕ್ಕಳು ಪಂಚಮಿಗೆ ಬಂದರೆ ಅತ್ತೆಮನೆಯ ದೂರನ್ನೆಲ್ಲ ಬಿಚ್ಚಿ ಹರವುತ್ತಾರೆ. ಅವಳು ಬಂದ ಗಳಿಗೆಯಿಂದ ಅವ್ವನ ಕೈಯ ಕೆಲಸ ಕಸಿದುಕೊಂಡು ಶೇಂಗಾ ಹುರಿದಳು, ಕುಟ್ಟಿದಳು, ಉಂಡೆ ಕಟ್ಟಿದಳು. ದೂರು ಒಂದೂ ಇಲ್ಲ. ಸಂಜೆಯ ಹೊತ್ತು ಅಡುಗೆಮನೆಯಲ್ಲಿ ಅವಳೆದುರು ಕೂತು ಎಲ್ಲವನ್ನೂ ಹೇಳಿದೆ. ನಿನ್ನದನ್ನೇ ಕಳಿಸಬೇಕಿತ್ತು, ನಾನು ಕಳಿಸಲಿಲ್ಲ, ಹೆದರಿಕೆಯಷ್ಟೇ ಅಲ್ಲ ಹೊಟ್ಟೆಕಿಚ್ಚೂ ಇತ್ತು ಎಂದೆ. ಅವಳ ಎರಡೂ ಕೈ ಹಿಡಿದುಕೊಂಡೆ.

‘ಬೈ ನನಗ’ ಎಂದೆ. ‘ಬಾಯಿಗೆ ಬಂದಂಗ ಬೈ. ಹೊಡಿ ಬೇಕಾದ್ರ.’

ಅವಳ ಬಾಯಿಂದ ಏನೋ ಬರುತ್ತದೆ ಎಂದು ಕಾದೆ. ಬಂದರೆ ಸಾಕಾಗಿತ್ತು, ಒಂದೇ ಒಂದು ಕೆಟ್ಟ ಮಾತು. ಅವಳು ನಕ್ಕಳು, ಶೆಡ್ಡಿನಲ್ಲಿ ನಕ್ಕ ಹಾಗೆಯೇ. ಕೈ ಬಿಡಿಸಿಕೊಂಡು ನನ್ನ ಕೆನ್ನೆ ಒರೆಸಿದಳು.

‘ಇರ್ಲಿ ಬಿಡಕ್ಕಾ. ನನ್ನ ಚಲೋದಕ್ಕಽ ಮಾಡಿದಿ. ಮನಸಿಗಿ ಹಚಗೋಬ್ಯಾಡ. ಮುಂಜಾನಿಂದ ಏನೂ ತಿಂದಿಲ್ಲ ನೀ, ಊಟಕ್ಕ ತಾಟ ಹಚ್ಚಲ್ಯಾ?’

ನಾನು ಜೋರಾಗಿ ಅತ್ತೆ. ಅವಳು ಎದ್ದು ತಾಟು ತೊಳೆಯತೊಡಗಿದಳು. ಬಾಗಿಲಲ್ಲಿ ಅವ್ವ ಎಲ್ಲವನ್ನೂ ಕೇಳುತ್ತ ನಿಂತಿದ್ದಳು. ಅವಳ ಕಣ್ಣೂ ತುಂಬಿದ್ದವು, ಸಂತೋಷಕ್ಕೆ.

‘ನೋಡಿ ಕಲಿ ಅಕಿನ್ನ’ ಎಂದಳು ನನಗೆ.