ಇನ್ನರ್ಧ ಮಾತು

ಆ ದಿನ ಬೆಳಿಗ್ಗೆ ಅವಳು ತಾರಸಿಯ ಮೇಲೆ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಗಂಡ ಕೆಳಗೆ ಬಚ್ಚಲಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದವನು ಅಲ್ಲಿಂದಲೇ ಕೂಗಿದ.

"ಏ ಇವಳೇ, ಏನೇನು ಕಾಣ್ತದೆ?"

"ನೀಲಿ ಟ್ಯಾಂಕು ಕಾಣ್ತದೆ. ಭಟ್ಟಿ ಚಿಮಣಿ ಅರ್ಧ. ಗುಡ್ಡ ಇಲ್ಲ."

"ನೀಲಿ ಟ್ಯಾಂಕು ಇದೆ. ಚಿಮಣಿ ಅರ್ಧ. ಗುಡ್ಡ ಇಲ್ಲ."

"ಗುಡ್ಡ ಎಲ್ಲೂ ಓಡಿಹೋಗಿರಲ್ಲ ಬಿಡಿ. ಬೇಗ ಬನ್ನಿ, ತಿಂಡಿ ಆರಿಹೋಗ್ತಿದೆ."

ನೀಲಿ ಟ್ಯಾಂಕು ಹಿಂದಿನ ಬೀದಿಯಲ್ಲಿ ಅವಳ ತಮ್ಮನ ಮನೆಯ ಮೇಲಿನದು. ಚಿಮಣಿ ಇಟ್ಟಿಗೆ ಭಟ್ಟಿಯದು. ಗುಡ್ಡ ವಿಮಾನ ನಿಲ್ದಾಣದ ಆಚೆ. ಗುಡ್ಡ ಕಾಣದ ದಿನ ಗಂಡ ಬೇಗ ಹೊರಡುತ್ತಿದ್ದ. ಮಂಜಿನಲ್ಲಿ ವಿಮಾನ ಓಡಿಸುವವನಿಗೆ ಕಣ್ಣಿದ್ದೂ ಇಲ್ಲದ ಹಾಗೆ. ಎದುರಿಗಿರುವ ಮಾಪಕಗಳ ಮುಳ್ಳುಗಳನ್ನು ನೋಡಬೇಕು, ಕಿವಿಗೆ ಬೀಳುವ ದನಿಯನ್ನು ನಂಬಬೇಕು. ಆ ದನಿ ಅವಳ ಗಂಡನದು.

ನೆಲದಲ್ಲಿ ಕೂತು ಅವನು ಇಷ್ಟು ಎತ್ತರದಲ್ಲಿರು ಎಂದರೆ, ಮೇಲಿನವನು ಅದನ್ನೇ ತಿರುಗಿ ಹೇಳಬೇಕು. ಅದನ್ನು ಕೇಳಿಸಿಕೊಂಡು ಇವನು ಒಪ್ಪಬೇಕು. ಅಲ್ಲಿಗೆ ಮಾತು ಮುಗಿಯಿತು. "ನಾನು ಹೇಳಿದ್ದು ಅರ್ಧ ಮಾತು. ಇನ್ನರ್ಧ ಕೇಳಿದವನ ಬಾಯಲ್ಲಿದೆ" ಎನ್ನುತ್ತಿದ್ದ. ಈ ಚಾಳಿ ಮನೆಗೂ ಬಂತು, ಬೀದಿಗೂ ಬಂತು. ಅಂಗಡಿಯವನಿಗೆ ಸಕ್ಕರೆ ಎಂದರೆ ಅವನೂ ಸಕ್ಕರೆ ಎನ್ನಬೇಕು. "ಸ್ವಾಮಿ, ನಾನೇನು ವಿಮಾನ ಇಳಿಸ್ತಿದೀನಾ? ಸಕ್ಕರೆ ಕೆಳಗೆ ಬಿದ್ರೆ ಗುಡಿಸ್ಕೊಂಡ್ರಾಯ್ತು!" ಎಂದು ಅಂಗಡಿಯವನು ನಗುತ್ತಿದ್ದ. ಬೀದಿಯವರೆಲ್ಲ ಸೇರಿ ಅವನಿಗೆ ತಿರುಗ್ಹೇಳಪ್ಪ ಎಂದು ಹೆಸರಿಟ್ಟರು. ಮದುವೆಯಾದ ಹೊಸದರಲ್ಲಿ ಅವಳೂ ಸಿಡುಕಿದ್ದಳು. "ನಾನೇನು ಗಿಣೀನಾ ನಿಮಗೆ?" ಆಮೇಲೆ ಅಭ್ಯಾಸವಾಯಿತು. ಆಮೇಲೆ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ.

ತಮ್ಮನನ್ನು ಅವಳೇ ಸಾಕಿದ್ದು. ತಾಯಿ ಹೋದಾಗ ಅವನಿಗೆ ಹಾಲುಹಲ್ಲು. ದೊಡ್ಡವನಾದ ಮೇಲೆ ಭಾವನ ಕೆಲಸವೇ ಬೇಕೆಂದ. ಗಂಡ ಊಟದ ಮೇಜಿನ ಮೇಲೆಯೇ ಕಲಿಸಿದ. ಉಪ್ಪಿನ ಡಬ್ಬಿ ಒಂದು ವಿಮಾನ, ನೀರಿನ ಲೋಟ ಇನ್ನೊಂದು. "ಲೋ ಭಾಮೈದ, ನಿನ್ನ ಲೋಟ ನನ್ನ ಡಬ್ಬಿಗೆ ಗುದ್ದಿತು. ಎಷ್ಟು ಜನ ಸತ್ರು?" ಎಂದು ತಲೆಗೆ ಮೊಟಕುತ್ತಿದ್ದ. ತಮ್ಮ ಜಾಣ, ಬಲು ಅಚ್ಚುಕಟ್ಟು. ಊಟ ಮುಗಿಸಿ ಏಳುವಾಗ ಲೋಟ, ಡಬ್ಬಿ ಎಲ್ಲ ಸಾಲಾಗಿ ಜೋಡಿಸಿಯೇ ಏಳುತ್ತಿದ್ದ. ಒಂದು ಚಮಚ ಸೊಟ್ಟಗಿದ್ದರೂ ಅವನ ಕೈ ತುರಿಸುತ್ತಿತ್ತು.

ಆ ಮಂಜಿನ ದಿನ ಔಷಧಿ ಸಾಗಿಸುವ ಪುಟ್ಟ ವಿಮಾನವೊಂದು ಗುಡ್ಡದ ಮೇಲೆ ಸುತ್ತು ಹಾಕುತ್ತಾ ಇಳಿಯಲು ಕಾದಿತ್ತು. ಒಳಗೆ ಒಬ್ಬನೇ. ಎತ್ತರ ತೋರಿಸುವ ತನ್ನ ಮುಳ್ಳು ಯಾಕೋ ಸರಿಯಿಲ್ಲ, ಎಷ್ಟು ಎತ್ತರದಲ್ಲಿದ್ದೇನೋ ಗೊತ್ತಾಗುತ್ತಿಲ್ಲ ಎಂದು ಅವನು ರೇಡಿಯೋದಲ್ಲಿ ಹೇಳಿದ. "ಹೆದರಬೇಡ. ನಿನ್ನ ಮೇಲೂ ಕೆಳಗೂ ಜಾಗ ಖಾಲಿ ಇಡ್ತೀನಿ" ಎಂದ ಅವಳ ಗಂಡ. ಪ್ರತಿ ವಿಮಾನಕ್ಕೂ ಎದುರಿನ ಹಲಗೆಯಲ್ಲಿ ಒಂದೊಂದು ಕಾಗದದ ಪಟ್ಟಿ ಇರುತ್ತದೆ. ಈ ವಿಮಾನದ ಪಟ್ಟಿಯನ್ನು ಅವನು ಓರೆ ಮಾಡಿಟ್ಟ. ಓರೆ ಇದ್ದರೆ, ಇದರಲ್ಲೇನೋ ಇದೆ, ಮರೆಯಬೇಡ ಎಂದರ್ಥ.

ಪಾಳಿ ಮುಗಿಯಿತು. ಕುರ್ಚಿಗೆ ತಮ್ಮ ಬಂದ. ಗಂಡ ಎಲ್ಲವನ್ನೂ ಬಾಯಲ್ಲಿ ಒಪ್ಪಿಸಿದ. ತಮ್ಮ ತಿರುಗಿ ಹೇಳಿದ. ಗಂಡ ಎದ್ದುಹೋದ. ತಮ್ಮ ಹಲಗೆ ನೋಡಿದ, ಪಟ್ಟಿ ಓರೆಯಾಗಿತ್ತು. ಅವನ ಕೈ ಅದನ್ನು ನೆಟ್ಟಗೆ ಮಾಡಿತು. ಹಿಂದೆಯೇ ನಾಲ್ಕಾರು ವಿಮಾನ ಒಟ್ಟಿಗೆ ಕರೆದವು. ಖಾಲಿ ಇಡಬೇಕಾದ ಜಾಗಕ್ಕೆ ಅವನು ಒಂದು ದೊಡ್ಡ ವಿಮಾನವನ್ನು ಇಳಿಸಿದ.

ಮಂಜಿನಲ್ಲಿ ಎರಡೂ ಗುದ್ದಿಕೊಂಡವು. ದೊಡ್ಡದು ರೆಕ್ಕೆ ಮುರಿದುಕೊಂಡು ಹೇಗೋ ನೆಲ ಕಂಡಿತು. ಪುಟ್ಟದು ಗುಡ್ಡಕ್ಕೆ ಬಿತ್ತು.

ಇದೆಲ್ಲ ಅವಳಿಗೆ ಹೇಗೆ ಗೊತ್ತೆಂದರೆ, ತಮ್ಮನೇ ಹೇಳಿದ. ಗಂಡನನ್ನು ವಿಚಾರಿಸಲು ಹಿಂದಕ್ಕೆ ಕರೆಸಿದ್ದವರು ಇನ್ನೂ ಮನೆಗೆ ಬಿಟ್ಟಿರಲಿಲ್ಲ. ತಮ್ಮ ಹಿತ್ತಿಲ ಬಾಗಿಲಿಂದ ಬಂದು ಅಡಿಗೆಮನೆಯ ನೆಲದ ಮೇಲೆ ಕುಸಿದ.

"ಭಾವ ಹೇಳಿದ್ರಕ್ಕ. ನಾನು ತಿರುಗಿ ಹೇಳಿದೆ ಕೂಡ. ಪಟ್ಟಿ ಓರೆ ಇತ್ತು. ಯಾಕೆ ನೆಟ್ಟಗೆ ಮಾಡಿದೆನೋ ನನಗೇ ಗೊತ್ತಿಲ್ಲ. ಆಮೇಲೆ ತಲೆಯಿಂದ ಹಾರಿಹೋಯ್ತು."

ಅವಳು ನೀರು ಕೊಟ್ಟಳು. ಬೆನ್ನು ಸವರಿದಳು. "ಇದನ್ನೇ ಅಲ್ಲೂ ಹೇಳು. ನಿಜ ಹೇಳಿದವನನ್ನ ಯಾರೂ ನುಂಗಲ್ಲ" ಎಂದಳು. ಅವನು ತಲೆ ಆಡಿಸಿದ. ತಿರುಗಿ ಹೇಳಲಿಲ್ಲ. ಅದು ಅವಳಿಗೆ ಆಗ ಹೊಳೆಯಲಿಲ್ಲ.

ರೇಡಿಯೋದಲ್ಲಿ ಆಡಿದ ಮಾತೆಲ್ಲ ಯಂತ್ರದಲ್ಲಿ ಉಳಿಯುತ್ತದೆ. ಕುರ್ಚಿಯ ಪಕ್ಕ ನಿಂತು ಬಾಯಲ್ಲಿ ಒಪ್ಪಿಸಿದ್ದು ಆಗ ಉಳಿಯುತ್ತಿರಲಿಲ್ಲ. ಮುಳ್ಳು ಕೆಟ್ಟಿದ್ದು ಗಂಡನಿಗೆ ಗೊತ್ತಿತ್ತು ಎಂಬುದು ಯಂತ್ರದಲ್ಲಿತ್ತು. ಅದನ್ನು ದಾಟಿಸಿದ್ದಕ್ಕೆ ಸಾಕ್ಷಿ ತಮ್ಮನ ನಾಲಿಗೆ ಒಂದೇ. ವಿಚಾರಣೆಯಲ್ಲಿ ಆ ನಾಲಿಗೆ, "ನನಗೆ ಹೇಳಲಿಲ್ಲ. ಪಟ್ಟಿಯೂ ನೆಟ್ಟಗಿತ್ತು" ಎಂದಿತು.

ಅದು ಕಿವಿಗೆ ಬಿದ್ದದ್ದೇ ಅವಳು ಸೀರೆ ಬದಲಿಸಿ ಸೀದಾ ವಿಚಾರಣೆಗೆ ಹೋದಳು. ಉದ್ದ ಮೇಜಿನ ಹಿಂದೆ ಅಧಿಕಾರಿಗಳು. ಗೋಡೆ ಬದಿಗೆ ತಮ್ಮ.

"ಅಮ್ಮಾ, ಪಾಳಿ ಒಪ್ಪಿಸುವಾಗ ನೀವು ಆ ಕೋಣೆಯಲ್ಲಿದ್ರಾ?"

"ಇಲ್ಲ ಸ್ವಾಮಿ. ಇವನು ನನ್ನ ಅಡಿಗೆಮನೆಯಲ್ಲಿದ್ದ. ಇವನ ಬಾಯಿಂದಲೇ ಕೇಳಿದೀನಿ."

ಹಿರಿಯ ಅಧಿಕಾರಿ ತಮ್ಮನ ಕಡೆ ನೋಡಿದ. ತಮ್ಮ ತನ್ನ ಬೂಟು ನೋಡಿಕೊಂಡ. ದನಿ ಮೆತ್ತಗಿತ್ತು, ಕಾಯಿಲೆಯವರ ಹತ್ತಿರ ಆಡುವ ಹಾಗೆ.

"ಅಕ್ಕನಿಗೆ ಭಾವ ಅಂದ್ರೆ ಪ್ರಾಣ ಸಾರ್. ಏನೋ ತಪ್ಪು ತಿಳ್ಕೊಂಡಿದಾರೆ. ಓದಿದವರಲ್ಲ ಅವರು."

ಅವಳು ಓದಲಿಲ್ಲ, ಹೌದು. ಅವನನ್ನು ಓದಿಸುವುದಕ್ಕೆ ಶಾಲೆ ಬಿಟ್ಟವಳು ಅವಳು.

ಗಂಡನನ್ನು ಆ ಕುರ್ಚಿಯಿಂದ ಎತ್ತಿ ಓಡುದಾರಿಯ ದೀಪಗಳ ಉಗ್ರಾಣಕ್ಕೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಹಳೆಯ ಬಲ್ಬುಗಳು. ಅವನು ತಮ್ಮನ ಮನೆಗೆ ಹೋಗಿ ಜಗಳವಾಡಲಿಲ್ಲ. ಅವಳೇ ಕೂಗಾಡಿದಳು. "ಹೋಗಿ ಅವನ ಕತ್ತಿನ ಪಟ್ಟಿ ಹಿಡೀರಿ! ನಿಮಗೇನು ನಾಲಿಗೆ ಸತ್ತಿದೆಯಾ?"

"ನನ್ನ ಅರ್ಧ ನಾನು ಹೇಳಿದೀನಲ್ಲ" ಎಂದ. "ಇನ್ನರ್ಧ ಅವನೇ ಹೇಳಬೇಕು. ಕಿತ್ಕೊಳ್ಳೋಕೆ ಬರಲ್ಲ ಅದು. ಹೇಳ್ತಾನೆ ಬಿಡೆ, ನಮ್ಮ ಹುಡುಗ."

ನಂಬಿದ್ದ. ಬೀದಿಯಲ್ಲಿ ತಮ್ಮ ಎದುರಾದಾಗ ಈಗ ಹೇಳಿಯಾನು ಎಂದು ನಡಿಗೆ ನಿಧಾನ ಮಾಡುತ್ತಿದ್ದ. ತಮ್ಮ ಅಂಗಡಿಯೊಳಕ್ಕೆ ನುಗ್ಗುತ್ತಿದ್ದ. ಅಂಗಡಿಯವನೂ ನಗೆ ನಿಲ್ಲಿಸಿದ. ತಿರುಗ್ಹೇಳಪ್ಪ ಎಂದು ಯಾರೂ ಕರೆಯಲಿಲ್ಲ. ಬೆಳಿಗ್ಗೆ ಮಾತ್ರ ಗಂಡ ಬಚ್ಚಲಿಂದ ಕೇಳುತ್ತಲೇ ಇದ್ದ, ಏನೇನು ಕಾಣ್ತದೆ ಎಂದು. ದೀಪದ ಉಗ್ರಾಣಕ್ಕೆ ಗುಡ್ಡ ಕಂಡರೇನು, ಬಿಟ್ಟರೇನು. ಅವಳು ಹೇಳುತ್ತಿದ್ದಳು. ಅವನು ತಿರುಗಿ ಹೇಳುತ್ತಿದ್ದ. ನೀಲಿ ಟ್ಯಾಂಕನ್ನೂ ಬಿಡದೆ.

ಒಂದು ಮಧ್ಯಾಹ್ನ ಆ ಉಗ್ರಾಣದಲ್ಲೇ, ಕುರ್ಚಿಯಲ್ಲಿ ಕೂತಲ್ಲೇ, ಎದೆ ನಿಂತಿತು.

ಹೆಣ ಎತ್ತುವ ಹೊತ್ತಿಗೆ ತಮ್ಮ ಬಂದ. ಕಣ್ಣು ಊದಿತ್ತು. ಹೆಗಲು ಕೊಡಲು ಬಗ್ಗಿದ. ಅವಳು ಅಡ್ಡ ನಿಂತಳು. ನೆರೆಯವರು, ಕೆಲಸದವರು, ಅಂಗಡಿಯವನು, ಎಲ್ಲ ಇದ್ದರು.

"ಆವತ್ತು ನಿನ್ನ ಭಾವ ನಿನಗೆ ಏನು ಹೇಳಿದ್ರು, ತಿರುಗಿ ಹೇಳು. ಹೇಳಿ ಎತ್ತು."

"ಅಕ್ಕಾ, ಇದು ಹೊತ್ತಲ್ಲ."

"ಇನ್ಯಾವ ಹೊತ್ತು? ಅವರು ಎದ್ದು ಬಂದ ಮೇಲಾ?"

ಅವನು ಅವಳ ಕಿವಿಯ ಹತ್ತಿರ ಬಾಗಿದ. "ಹೇಳಿದ್ರಕ್ಕ. ಎಲ್ಲಾ ಹೇಳಿದ್ರು" ಎಂದು ಪಿಸುಗುಟ್ಟಿದ.

"ನನಗಲ್ಲ. ನನಗೆ ಆವತ್ತೇ ಗೊತ್ತು. ಇವರಿಗೆಲ್ಲ ಕೇಳಿಸೋ ಹಾಗೆ ಹೇಳು."

ಅವನ ಬಾಯಿ ತೆರೆಯಿತು. ನಿಲ್ದಾಣದ ಹಿರಿಯ ಅಧಿಕಾರಿ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ತಮ್ಮ ಅವನನ್ನು ನೋಡಿದ. ಬಾಯಿ ಮುಚ್ಚಿಕೊಂಡಿತು.

"ಹಾಗಾದ್ರೆ ಕೈ ತೆಗಿ" ಎಂದಳು.

ಅಂಗಡಿಯವನು ಮುಂದೆ ಬಂದು ಆ ಮೂಲೆಗೆ ಹೆಗಲು ಕೊಟ್ಟ.

ತಮ್ಮ ಈಗಲೂ ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಒಳ್ಳೆಯ ಹೆಸರಿದೆಯಂತೆ. ಅವಳ ಬಾಗಿಲಿಗೆ ಬಂದಿಲ್ಲ. ಬಂದರೂ ಬಾಗಿಲಿಗೆ ಅಗುಳಿ ಇದೆ.

ಬೆಳಿಗ್ಗೆ ಅವಳು ಬಕೆಟ್ಟು ಹೊತ್ತು ತಾರಸಿ ಹತ್ತುತ್ತಾಳೆ. ಈಗ ಬಟ್ಟೆ ಕಡಿಮೆ, ಒಂದೇ ಹಗ್ಗ ಸಾಕು. ಸೀರೆ ಹಿಂಡುತ್ತಾಳೆ, ಕೊಡವುತ್ತಾಳೆ, ಹರವುತ್ತಾಳೆ. ಬಚ್ಚಲ ಕಡೆ ಬಗ್ಗಿ, "ಚಿಮಣಿ ಕಾಣ್ತದೆ. ಗುಡ್ಡ ಕಾಣ್ತದೆ" ಎನ್ನುತ್ತಾಳೆ. ತಮ್ಮನ ಮನೆಯ ನೀಲಿ ಟ್ಯಾಂಕು ಎದುರಿಗೇ ಇದೆ, ಬಿಸಿಲಿಗೆ ಹೊಳೆಯುತ್ತಾ. ಅದನ್ನು ಹೇಳುವುದಿಲ್ಲ. ಬಕೆಟ್ಟಿನಲ್ಲಿ ಉಳಿದ ನೀರನ್ನು ಮೆಟ್ಟಿಲಿಗೆ ಸುರಿದು, ಪೊರಕೆಯಲ್ಲಿ ತಳ್ಳುತ್ತಾ ಇಳಿಯುತ್ತಾಳೆ.